ತೋಟಕ್ಕೊಂದು ಉಪಯೋಗದ ಪ್ರಾಣಿ

ಫೆಬ್ರವರಿ 6

ಮಗಳೇ ಬೆಂಕಿಪೊಟ್ಟಣ,

ನಿಂತುಕೊಂಡು ಓದುತ್ತಿದ್ದರೆ ಕೂತುಕೋ. ನಿನ್ನ ತೋಟ ಹೋಯಿತು. ಬೆಳಿಗ್ಗೆ ಕಮಿಟಿಯವರು ಬಂದು ಗೇಟಿಗೆ ಬೇರೆ ಬೀಗ ಜಡಿದರು. ನಿನ್ನ ನಿಂಬೆಗಿಡವನ್ನು ಬೇರುಸಮೇತ ಕಿತ್ತು ಗಾಡಿಗೆ ಹಾಕಿಕೊಂಡು ಹೋದರು. ನಾನು ಬೇಲಿ ಹಿಡಿದುಕೊಂಡು ನೋಡುತ್ತಾ ನಿಂತಿದ್ದೆ.

ಕೂತೆಯಾ? ಸರಿ, ಈಗ ಎದ್ದು ಒಂದು ಲೋಟ ನೀರು ಕುಡಿ. ಮೇಲೆ ಬರೆದದ್ದರಲ್ಲಿ ಒಂದಕ್ಷರವೂ ನಿಜವಲ್ಲ. ಬೀಗ ಅದೇ ಹಳೆಯದು, ಈಗಲೂ ಒದ್ದರೆ ಮಾತ್ರ ಬಾಯಿ ಬಿಡುತ್ತದೆ. ನಿಂಬೆಗಿಡ ಹಣ್ಣು ಕೊಡದೆ ಬರೀ ಮುಳ್ಳು ತೋರಿಸಿಕೊಂಡು ನಿಂತಿದೆ, ಥೇಟ್ ನಿನ್ನ ಹಾಗೆ. ಮೊದಲೇ ಒಂದು ದೊಡ್ಡ ಸುಳ್ಳು ಹೇಳಿಬಿಟ್ಟರೆ ಹಿಂದಿನಿಂದ ಬರುವ ನಿಜ ಸ್ವಲ್ಪ ಸಣ್ಣದಾಗಿ ಕಾಣುತ್ತದೆ. ಅದಕ್ಕೇ ಈ ಉಪಾಯ.

ನಿಜ ಏನೆಂದರೆ, ತೋಟ ಹೋಗಿಲ್ಲ, ಆದರೆ ಚಪ್ಪಲಿ ಮೆಟ್ಟಿಕೊಂಡು ಹೊರಟು ನಿಂತಿದೆ. ಗೋಡೌನಿನ ಹಿಂದಿನ ಬಯಲಿನಲ್ಲಿ ನಗರಸಭೆ ತುಂಡು ತುಂಡು ಮಾಡಿ ಹಂಚಿದ ಅಷ್ಟೂ ತೋಟಗಳ ನಡುವೆ ಬೋಳಾಗಿ ಕಾಣುವುದು ಎರಡೇ: ನಿನ್ನ ತುಂಡು ಮತ್ತು ನನ್ನ ತಲೆ. ನೀನು ಹೋಗುವಾಗ ಹೇಳಿಕೊಟ್ಟ ಹಾಗೇ ಎಲ್ಲ ಬಿತ್ತಿದೆ. ಎಲ್ಲವೂ ಮೊಳೆಯಿತು. ಮೊಳೆತದ್ದನ್ನೆಲ್ಲ ಬಸವನಹುಳುಗಳು ತಿಂದವು. ನಡಿಗೆ ನೋಡಿದರೆ ಪಾಪ ಅನಿಸುತ್ತದೆ, ಊಟ ನೋಡಿದರೆ ಎಕ್ಸ್‌ಪ್ರೆಸ್ ಗಾಡಿ.

ಕಮಿಟಿಯ ಕಾರ್ಯದರ್ಶಿ ಯಾರು ಹೇಳು? ನಿನ್ನ ಪಕ್ಕದ ತುಂಡಿನ ಸೀಟಿ ಟೀಚರ್. ನೀರಿನ ಪೈಪಿನ ವಿಷಯಕ್ಕೆ ನೀನು ಜಗಳವಾಡಿ ಮಾತು ಬಿಟ್ಟ ಅದೇ ಮಹಾತಾಯಿ. ಸ್ಕೂಲಿನಲ್ಲಿ ಆಟ ಆಡಿಸುವ ಕೆಲಸದಿಂದ ರಿಟೈರ್ ಆಗಿದ್ದಾರೆ, ಸೀಟಿ ಮಾತ್ರ ಕುತ್ತಿಗೆಯಿಂದ ಇಳಿದಿಲ್ಲ. ನಿನ್ನೆ ಬೇಲಿಯ ಹತ್ತಿರ ಬಂದು ಪೀಂಯ್ ಅಂತ ಊದಿ ಹೇಳಿದರು: "ಪೇಂಟರ್ರೇ, ಜೂನಲ್ಲಿ ತಪಾಸಣೆ. ಬೆಳೆ ಇರ್ಬೇಕು, ಇಲ್ಲಾ ಅಂದ್ರೆ ಉಪಯೋಗಕ್ಕೆ ಬರೋ ಒಂದು ಪ್ರಾಣಿ ಇರ್ಬೇಕು. ಎರಡೂ ಇಲ್ದೆ ಹೋದ್ರೆ ತುಂಡು ಬೇರೆಯವ್ರಿಗೆ."

"ನಾನಿದೀನಲ್ಲ ಟೀಚರ್" ಅಂದೆ.

"ಉಪಯೋಗಕ್ಕೆ ಬರೋದು ಅಂದೆ" ಅಂದರು.

ಹಾಗಾಗಿ ಬೆಳೆಯ ಆಸೆ ಬಿಟ್ಟು ಪ್ರಾಣಿಯ ಯೋಚನೆಗೆ ಬಿದ್ದಿದ್ದೇನೆ. ಕುದುರೆಯಿಂದ ಶುರುಮಾಡಿ ಈಗ ಮೇಕೆಯವರೆಗೆ ಇಳಿದಿದ್ದೇನೆ. ನೀನೇ ಹೇಳು, ಏನು ತರಲಿ?

ಇಂತಿ, ಉಪಯೋಗಕ್ಕೆ ಬಾರದ
ಅಪ್ಪ


ಫೆಬ್ರವರಿ 17

ಅಪ್ಪಾ,

ನಿನ್ನ ಕಾಗದ ಕ್ಯಾಂಟೀನಿನಲ್ಲಿ ಒಡೆದೆ. ಮೊದಲ ನಾಲ್ಕು ಸಾಲು ಓದುವಷ್ಟರಲ್ಲಿ ನನ್ನ ಮುಖ ನೋಡಿ ಅಡುಗೆಯಕ್ಕ ಸೌಟು ಹಿಡಿದುಕೊಂಡೇ ಓಡಿಬಂದಳು, "ಯಾರು ಹೋದ್ರಮ್ಮ" ಅಂತ. ಐದನೆಯ ಸಾಲು ಓದಿ, "ಯಾರೂ ಹೋಗಿಲ್ಲ ಅಕ್ಕಾ, ನಮ್ಮಪ್ಪ ಇನ್ನೂ ಇದಾನೆ" ಅಂದೆ. ಎಂಥಾ ಧ್ವನಿಯಲ್ಲಿ ಹೇಳಿರಬಹುದು, ನೀನೇ ಊಹಿಸಿಕೋ.

ಈಗ ಸರಿಯಾಗಿ ಕೇಳಿಸಿಕೋ. ಆ ತುಂಡಿಗಾಗಿ ನಾನು ಎಷ್ಟು ವರ್ಷ ಕಾದೆ ಅಂತ ನಿನಗೆ ಗೊತ್ತು. ಕಲ್ಲು ಆರಿಸಿದ್ದು ನಾನು, ಗೊಬ್ಬರ ಹೊತ್ತದ್ದು ನಾನು. ನನ್ನದು ಅಂತ ಈ ಲೋಕದಲ್ಲಿ ಇರುವ ನೆಲ ಅದೊಂದೇ. ಇಲ್ಲಿಯ ಎರಡು ವರ್ಷ ಮುಗಿಸಿ ಬಂದಾಗ ಅದು ಅಲ್ಲಿರಬೇಕು.

ಮೇಕೆ ಬೇಡ. ಮೇಕೆ ಬೇಲಿಯನ್ನೂ ಬಿಡುವುದಿಲ್ಲ. ಕೋಳಿ ಪಾತಿಯನ್ನೆಲ್ಲ ಕೆದರುತ್ತದೆ. ಜೇನು ಸಾಕಬೇಡ, ನೀನು ಅದರ ಜೊತೆಗೂ ತಮಾಷೆ ಮಾಡಲು ಹೋಗುತ್ತೀಯ. ಮುಖ್ಯವಾಗಿ, ಸೀಟಿ ಟೀಚರ್ ಹತ್ತಿರ ಹುಡುಗಾಟ ಬೇಡ. ಪ್ರಾಣಿ ಯಾವುದಾದರೂ ಸರಿ, ಅಕ್ಕಪಕ್ಕದ ಇಬ್ಬರೂ ಒಪ್ಪಬೇಕು ಅನ್ನುವುದು ಅಲ್ಲಿಯ ಪದ್ಧತಿ. ಎಡಗಡೆಯ ದರ್ಜಿ ಮಾಮ ನಿನ್ನ ಗೆಳೆಯ, ಒಪ್ಪಿಬಿಡುತ್ತಾನೆ. ಬಲಗಡೆಯವರು ನನ್ನ ಮುಖ ನೆನಪಾದರೇ ಇಲ್ಲ ಅನ್ನುತ್ತಾರೆ. ಅವರ ಮುಂದೆ ಮಾತ್ರ ಒಳ್ಳೆಯವನ ಹಾಗೆ ಇರು.

ಇಲ್ಲಿ ಬಂದರಿನಲ್ಲಿ ಸರಕಿನ ಪೆಟ್ಟಿಗೆ ಎತ್ತಲು ನನಗೆ ದೊಡ್ಡ ಕ್ರೇನು ಕೊಟ್ಟಿದ್ದಾರೆ. ಕ್ಯಾಬಿನ್ನಿನ ನೆಲ ಗಾಜಿನದು. ಪಾದದ ಕೆಳಗೆ ಹಡಗು, ಅದರ ಕೆಳಗೆ ನೀರು. ಮೊದಲ ವಾರ ಕಣ್ಣುಮುಚ್ಚಿಕೊಳ್ಳೋಣ ಅನಿಸುತ್ತಿತ್ತು. ಈಗ ಅಭ್ಯಾಸವಾಗಿದೆ.

ಬೆಂಕಿಪೊಟ್ಟಣ
(ಇನ್ನೊಂದು ಸಲ ಹಾಗೆ ಹೆದರಿಸಿದರೆ ನಿಜವಾಗಿಯೂ ಹೊತ್ತಿಕೊಳ್ಳುತ್ತೇನೆ)


ಮಾರ್ಚ್ 14

ಬೆಂಕಿಪೊಟ್ಟಣ,

ನೀನು ಮೇಕೆ ಬೇಡ ಅಂದೆ. "ಬೇಡ" ಅಂದರೆ "ಒಂದು ಸಲ ನೋಡೋಣ" ಅಂತ ನಾನು ಓದಿಕೊಂಡೆ, ವಯಸ್ಸಾದವರ ಕಣ್ಣು ನೋಡು. ಇಲ್ಲಿ ಇನ್ನೊಂದು ಪದ್ಧತಿಯೂ ಇದೆಯಲ್ಲ: ಪ್ರಾಣಿಯನ್ನು ಮೊದಲು ಒಂದು ವಾರ ಎರವಲು ತಂದು ಕೆಲಸಕ್ಕೆ ಹಚ್ಚಬೇಕು, ಅದು ಕೆಲಸದ್ದೋ ಕಾಲಹರಣದ್ದೋ ಅಂತ ಎಲ್ಲರೂ ನೋಡಬೇಕು. ಹಾಲಿನವನ ಮೇಕೆಯನ್ನು ತಂದು ಕಟ್ಟಿದೆ. ಬಂದ ತಕ್ಷಣ ಕಳೆ ತಿಂದಿತು, ನಾನು ಮೀಸೆ ತಿರುವಿಕೊಂಡೆ. ಆಮೇಲೆ ತನ್ನ ಹಗ್ಗ ತಿಂದಿತು. ಆಮೇಲೆ ದರ್ಜಿಯ ತುಂಡಿಗೆ ಹೋಗಿ, ಅವನು ಹುರುಳಿಕಾಯಿ ಬಳ್ಳಿಗೆ ಮರೆಯಾಗಲಿ ಅಂತ ಕಟ್ಟಿದ್ದ ಲಂಗದ ಬಟ್ಟೆ ತಿಂದಿತು. ಆಮೇಲೆ ಬಳ್ಳಿ.

"ಇದ್ಯಾಕಣ್ಣಾ ತಂದೆ?" ಅಂದ ದರ್ಜಿ.

"ಬೇಡದ ಗಿಡ ಮೇಯಲಿ ಅಂತ."

"ಬೇಕಾದ್ದು ಬೇಡದ್ದು ಅದಕ್ಕೆ ಹೇಳಿದ್ಯಾ? ಇಲ್ಲಾ ನಿನಗೇ ಇನ್ನೂ ಗೊತ್ತಾಗಿಲ್ವಾ?"

ಮೇಕೆ ಸಂಜೆಯೇ ಮನೆಗೆ ಹೋಯಿತು. ಮೊಲದ ಬಗ್ಗೆ ವಿಚಾರಿಸಿದೆ, "ಮೊಲ ತಂದ್ರೆ ತೋಟ ನಿರ್ಮೂಲ" ಅಂತ ನಾನೇ ಅಂದುಕೊಂಡು ಕೈಬಿಟ್ಟೆ.

ಈಗ ಇನ್ನೊಂದು ವಿಷಯ. ಇದನ್ನು ನಾನು ಮುಚ್ಚಿಡುತ್ತಿದ್ದೆ, ಆದರೆ ಹೇಗೂ ದರ್ಜಿ ನಿನಗೆ ಬರೆಯುತ್ತಾನೆ. ಬಸವನಹುಳುಗಳನ್ನು ಆರಿಸಿ ಬೇಲಿಯಾಚೆ ಎಸೆಯುತ್ತಿದ್ದೆ. ಮರುದಿನ ಅಷ್ಟೇ ಇರುತ್ತಿದ್ದವು. ಇವು ಹೊಸ ಹುಳುಗಳೋ, ಹಳೆಯವೇ ವಾಪಸು ಬಂದವೋ ಅಂತ ಅನುಮಾನ ಬಂತು. ಇಷ್ಟು ವರ್ಷ ಅಂಗಡಿ ಬೋರ್ಡು ಬರೆದವನು ನಾನು, ಗುರುತು ಹಾಕದೆ ಇರಲು ಆಗುತ್ತದೆಯೇ? ಮನೆಯಲ್ಲಿ ಕೆಂಪು ಪೇಂಟು ಉಳಿದಿತ್ತು. ಒಂದೊಂದರ ಚಿಪ್ಪಿನ ಮೇಲೂ ದುಂಡಗೆ ಒಂದು ಚುಕ್ಕೆ ಇಟ್ಟೆ. ಚೆನ್ನಾಗಿ ಒಣಗಿಸಿದೆ. ಎಸೆದೆ.

ವಿಜ್ಞಾನ ಗೆದ್ದಿತು. ಅರ್ಧ ವಾಪಸು ಬಂದವು. ಉಳಿದರ್ಧ ಎಲ್ಲಿಗೆ ಹೋಗಿದ್ದವು ಅಂತ ಮರುದಿನ ಗೊತ್ತಾಯಿತು. ಸೀಟಿ ಟೀಚರ್ ಒಂದು ಬೋಗುಣಿ ಹಿಡಿದುಕೊಂಡು ಬಂದರು, ಊದಲೂ ಇಲ್ಲ.

"ಇದೇನ್ ಪೇಂಟರ್ರೇ?"

"ಬಸವನಹುಳು ಟೀಚರ್."

"ಅದು ನನಗೂ ಕಾಣ್ಸುತ್ತೆ. ಬೆನ್ನ ಮೇಲಿನ ಚುಕ್ಕೆ ಹುಟ್ಟಿದಾಗಿಂದ ಇತ್ತಾ?"

"ಕೆಲವಕ್ಕೆ ಇರುತ್ತೆ."

"ಇದು ಬಸ್‌ಸ್ಟ್ಯಾಂಡ್ ಹತ್ತಿರದ ಸೈಕಲ್ ಅಂಗಡಿ ಬೋರ್ಡಿನ ಕೆಂಪು. ಬರೆದೋರು ನೀವೇ. ನನ್ನ ಎಲೆಕೋಸು ತಿಂದಿದ್ದು ನಿಮ್ಮ ಸೈನ್ಯ ಅಂತ ಯೂನಿಫಾರಂ ಬೇರೆ ಹೊಲಿಸಿ ಕಳ್ಸಿದೀರಲ್ಲ."

ನಾನು ನಕ್ಕೆ. ಅವರು ನಗಲಿಲ್ಲ. ಬೋಗುಣಿಯನ್ನು ನನ್ನ ಕೈಗೆ ಕೊಟ್ಟು, "ನೀವು ಯಾವ ಪ್ರಾಣಿ ತಂದ್ರೂ ನನ್ನ ಒಪ್ಪಿಗೆ ಇಲ್ಲ" ಅಂತ ಹೇಳಿ ಹೋದರು.

ಕೆಲಸ ಕೆಡಿಸಿದ್ದೇನೆ. ಬೈಯಬೇಕಾದ್ದನ್ನೆಲ್ಲ ಒಂದೇ ಕಾಗದದಲ್ಲಿ ಬೈದುಬಿಡು.

ಚುಕ್ಕೆ ಇಟ್ಟ
ಅಪ್ಪ


ಮಾರ್ಚ್ 29

ಅಪ್ಪಾ,

ಬೈಯೋಣ ಅಂತಲೇ ಕೂತೆ. ಕ್ರೇನಿನ ಮೇಲೆ ಕೂತು ಆ ಯೂನಿಫಾರಂ ಮಾತು ನೆನಪಾಗಿ ಎಷ್ಟು ನಕ್ಕೆ ಅಂದರೆ, ಕೆಳಗಿನಿಂದ ಮೇಸ್ತ್ರಿ ವೈರ್‌ಲೆಸ್‌ನಲ್ಲಿ, "ಮೇಲೆ ಏನಾಯ್ತು, ಪೆಟ್ಟಿಗೆ ಯಾಕೆ ಅಲ್ಲಾಡ್ತಿದೆ" ಅಂತ ಕೇಳಿದ.

ಬಾತುಕೋಳಿ ತಾ. ಅಡುಗೆಯಕ್ಕ ಕ್ಯಾಂಟೀನಿನ ಹಿಂದೆ ಸಾಕಿದ್ದಾಳೆ. ಕೋಳಿಯ ಹಾಗೆ ಕೆದರುವುದಿಲ್ಲ, ಬಸವನಹುಳು ಅಂದರೆ ಪ್ರಾಣ. ಗಿಡ ತೀರಾ ಎಳೆಯದಿದ್ದಾಗ ಮಾತ್ರ ಪಾತಿಗೆ ಬಿಡಬೇಡ. ಮೈ ಮುಳುಗುವಷ್ಟು ನೀರು ಇಡು, ಕತ್ತಲಾಗುವ ಮೊದಲು ಗೂಡಿಗೆ ಹಾಕಿ ಬಾಗಿಲು ಹಾಕು. ಬಣ್ಣ ಹಚ್ಚಿದ ಹುಳುಗಳನ್ನು ಅವಕ್ಕೆ ತಿನ್ನಿಸಬೇಡ, ದಯವಿಟ್ಟು. ಟೀಚರ್ ಹತ್ತಿರ ಹೋಗಿ ತಪ್ಪಾಯಿತು ಅನ್ನು. ತಮಾಷೆಯಾಗಿ ಅಲ್ಲ, ನಿಜವಾಗಿ.

ಮೊನ್ನೆ ಒಂದು ಇಡೀ ಹಡಗನ್ನು ನಾನೊಬ್ಬಳೇ ಖಾಲಿ ಮಾಡಿದೆ. ಕೊನೆಯ ಪೆಟ್ಟಿಗೆ ಇಳಿಸಿದಾಗ ಕೆಳಗಿದ್ದವರೆಲ್ಲ ಹೆಲ್ಮೆಟ್ ತೆಗೆದು ಬೀಸಿದರು. ಸಂಜೆ ಇಳಿದು ಬರಲು ಮನಸ್ಸೇ ಇರಲಿಲ್ಲ. ಅಲ್ಲಿಂದ ಸಮುದ್ರ ಬೇರೆ ಥರ ಕಾಣುತ್ತೆ ಅಪ್ಪಾ. ರೂಮಿನ ಕಿಟಕಿಗೆ ಪರದೆ ಹೊಲಿಸಿದೆ. ಒಂದು ಟೇಬಲ್ ಕೊಂಡೆ.

ಊಟ ಸರಿಯಾಗಿ ಮಾಡು.

ನಿನ್ನ
ಬೆಂಕಿಪೊಟ್ಟಣ


ಏಪ್ರಿಲ್ 19

ಬೆಂಕಿಪೊಟ್ಟಣ,

ಕಾಲು ಬಾತಿದೆ. ಬಾತು ಕಚ್ಚಿ ಬಾತ ಕಾಲು. ಗಾಬರಿ ಬೇಡ, ಬರೀ ಹೆಬ್ಬೆರಳು. ಚಪ್ಪಲಿಯಿಂದ ಹೊರಗೆ ಕಾಣುತ್ತಿತ್ತು, ಯಾವುದೋ ಹೊಸ ಜಾತಿಯ ಹುಳು ಅಂದುಕೊಂಡಿರಬೇಕು.

ಇಟ್ಟಿಗೆ ಭಟ್ಟಿಯವನ ಹೊಂಡದಿಂದ ಐದು ಬಾತು ಎರವಲು ತಂದೆ. ಹಳೆಯ ಡ್ರಮ್ಮನ್ನು ಉದ್ದಕ್ಕೆ ಸೀಳಿಸಿ ನೆಲದಲ್ಲಿ ಹೂತು ನೀರು ತುಂಬಿದೆ. ಗೂಡಿಗೆ ಹಲಗೆ ಬೇಕಿತ್ತು. ಗಿರಾಕಿ ಬಾರದೆ ಮನೆಯಲ್ಲಿ ಉಳಿದಿದ್ದ ಬೋರ್ಡುಗಳನ್ನೇ ಜೋಡಿಸಿ ಮೊಳೆ ಹೊಡೆದೆ. ಬಾಗಿಲಿಗೆ ಸಿಕ್ಕಿದ್ದು 'ಹಲ್ಲಿನ ಡಾಕ್ಟರು, ಒಳಗೆ ಬನ್ನಿ.' ಹಲ್ಲೇ ಇಲ್ಲದ ಐದು ಜನ ದಿನಾ ಸಂಜೆ ನಂಬಿಕೆಯಿಂದ ಒಳಗೆ ಹೋಗುತ್ತಾರೆ.

ಚುಕ್ಕೆ ಇಟ್ಟ ಹುಳುಗಳನ್ನು ಮೊದಲೇ ಆರಿಸಿ ಕಾಲುವೆಯಾಚೆ ಬಿಟ್ಟು ಬಂದಿದ್ದೆ. ಉಳಿದವನ್ನು ಬಾತುಗಳು ನೋಡಿಕೊಂಡವು. ಕೆಲಸ ಅಂದರೆ ಕೆಲಸ, ಎಲೆ ಎತ್ತಿ ಅಡಿಯಲ್ಲೂ ನೋಡುತ್ತವೆ. ನಾನು ಹಿಂದೆ ಹಿಂದೆ ಮೂಲಂಗಿ ಬಿತ್ತಿಕೊಂಡು ಬಂದು ಅಡ್ಡಕ್ಕೆ ಬಲೆ ಕಟ್ಟಿದೆ. ಮೂರು ಎಲೆ ಬಿಟ್ಟಿದೆ, ಮೂರೂ ಪೂರ್ತಿ ಇವೆ. ಬೆಳಿಗ್ಗೆ ಎದ್ದ ಕೂಡಲೇ ನೋಡಲು ಓಡುತ್ತೇನೆ.

ಟೀಚರ್ ಹತ್ತಿರ ಹೋಗಿ ತಪ್ಪಾಯಿತು ಅಂದೆ. ನಿಜವಾಗಿಯೇ ಅಂದೆ. ಅವರು ನಂಬಲಿಲ್ಲ. ಇಷ್ಟು ವರ್ಷದ ಸಂಪಾದನೆ, ಏನು ಮಾಡುವುದು.

ಆದರೆ ಗುರುವಾರ ನಡೆದದ್ದು ಕೇಳು. ನಾನು ಬಾಗಿಲ ಚಿಲಕ ಸರಿಯಾಗಿ ಹಾಕಿರಲಿಲ್ಲ. ಐದೂ ಬಾತುಗಳು ಬೇಲಿಯ ಸಂದಿಯಲ್ಲಿ ನುಸುಳಿ ನೇರ ಟೀಚರ್ ಎಲೆಕೋಸಿನ ಪಾತಿಗೆ. ನಾನು ಕುಂಟಿಕೊಂಡು ಓಡಿದೆ. ಅಷ್ಟರಲ್ಲಿ ಟೀಚರ್ ಬಂದವರೇ ಎದೆತುಂಬ ಉಸಿರು ತೆಗೆದು ಸೀಟಿ ಊದಿದರು. ಗೋಡೌನಿನ ಪಾರಿವಾಳಗಳೆಲ್ಲ ಎದ್ದವು. ಬಾತುಗಳು ಎದ್ದು ಓಡಲಿಲ್ಲ. ಕತ್ತು ನೆಟ್ಟಗೆ ಮಾಡಿದವು. ಒಂದರ ಹಿಂದೆ ಒಂದು ನಿಂತವು.

ಟೀಚರ್ ಸೀಟಿಯನ್ನು ಬಾಯಿಂದ ತೆಗೆದು ನೋಡಿದರು. ಒಂದು ಹೆಜ್ಜೆ ಹಿಂದೆ ಇಟ್ಟರು. ಬಾತುಗಳು ಒಂದು ಹೆಜ್ಜೆ ಮುಂದೆ. ಮೆಲ್ಲಗೆ ಇನ್ನೊಂದು ಸಲ ಊದಿ ತಿರುಗಿ ನಡೆದರು. ಇಡೀ ಬಯಲು ನೋಡುತ್ತಿರುವಾಗ ಪಾತಿಯ ಸುತ್ತ ಒಂದು ಪೂರ್ತಿ ಸುತ್ತು, ಮುಂದೆ ಟೀಚರ್, ಹಿಂದೆ ಐದು ಬಾತು, ಅದರ ಹಿಂದೆ ಕುಂಟುತ್ತಾ ನಾನು.

"ಇವಕ್ಕೆ ಯಾರು ಕಲಿಸಿದ್ದು?" ಅಂದರು.

ಭಟ್ಟಿಯವನು ದಿನಾ ಸೀಟಿ ಹೊಡೆದೇ ಕಾಳು ಹಾಕುತ್ತಾನೆ ಅಂತ ನನಗೆ ಗೊತ್ತಿತ್ತು. ಬಾಯಿಯ ತನಕ ಬಂದಿತ್ತು. "ಯಾರೂ ಕಲಿಸಿಲ್ಲ ಟೀಚರ್, ಕೆಲವ್ರು ಊದೋದ್ರಲ್ಲೇ ಅದು ಇರುತ್ತೆ" ಅಂದೆ.

"ನಡುವಿನೋಳಿಗೆ ಶಿಸ್ತು ಸಾಲ್ದು" ಅಂತ ಹೇಳಿ ಹೋದರು. ಮರುದಿನ ಬೆಳಿಗ್ಗೆ ತಾವೇ ಬಂದರು. ಸೀಟಿ ಉಜ್ಜಿ ಬೆಳ್ಳಗೆ ಮಾಡಿಕೊಂಡಿದ್ದರು.

ಮೊಟ್ಟಮೊದಲ ಮೊಟ್ಟೆಯನ್ನು ಅವರಿಗೇ ಕೊಟ್ಟೆ.

ಕುಂಟುತ್ತಿರುವ
ಅಪ್ಪ


ಮೇ 11

ಬೆಂಕಿಪೊಟ್ಟಣ,

ನಿನ್ನ ಉತ್ತರ ಬಂದಿಲ್ಲ. ಹಡಗು ಜಾಸ್ತಿ ಬರುತ್ತಿರಬೇಕು.

ಇಲ್ಲಿ ದರ್ಜಿ ಒಪ್ಪಿದ. ಟೀಚರ್ ಒಪ್ಪಿದ್ದೇನೆ ಅಂತ ಬಾಯಲ್ಲಿ ಹೇಳಿಲ್ಲ, ಆದರೆ ಬಾತುಗಳಿಗೆ ಹಾಜರಿ ಕರೆಯಲು ಶುರುಮಾಡಿದ್ದಾರೆ. ಬಾತುಗಳನ್ನು ನಮ್ಮವೇ ಮಾಡಿಕೊಂಡೆ, ಬದಲಿಗೆ ಭಟ್ಟಿಗೆ ಹೊಸ ಬೋರ್ಡು ಬರೆದುಕೊಟ್ಟೆ.

ನಿನ್ನೆ ಟೀಚರ್ ಬೇಲಿಗೆ ಒರಗಿಕೊಂಡು ಕೇಳಿದರು, "ಮಗಳು ವಾಪಸ್ ಬರ್ತಾಳಲ್ಲ? ತುಂಡು ಅವಳ ಹೆಸರಲ್ಲಿದೆ. ಬರೋಲ್ಲ ಅಂತಾದ್ರೆ ಬಾತು ಎಷ್ಟು ಸಾಲು ನಿಂತ್ರೂ ನಾನೇನೂ ಮಾಡೋಕಾಗಲ್ಲ."

ನಾನು ಬಾತುಗಳ ಕಡೆ ನೋಡಿದೆ.

ಮೂಲಂಗಿ ಕಿತ್ತೆ. ಒಂದಕ್ಕೆ ಎರಡು ಕಾಲಿತ್ತು, ಪ್ಯಾಂಟು ಹಾಕಿದ ಹಾಗೆ. ದರ್ಜಿಗೆ ತೋರಿಸಿದರೆ, "ಸೊಂಟ ಸರಿಯಾಗಿಲ್ಲ" ಅಂದ.

ಬಿಡುವಾದಾಗ ಬರಿ.

ಅಪ್ಪ


ಮೇ 26

ಅಪ್ಪಾ,

ಮೂರು ಸಲ ಬರೆದು ಹರಿದು ಹಾಕಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ, ಅದು ನಿನ್ನ ಕಸುಬು.

ಇಲ್ಲಿ ನನ್ನನ್ನು ಕಾಯಂ ಮಾಡುತ್ತೇವೆ ಅಂದರು. ಮಾರ್ಚ್‌ನಲ್ಲೇ ಅಂದರು. ಯೋಚನೆ ಮಾಡಿ ಹೇಳುತ್ತೇನೆ ಅಂದಿದ್ದೆ. ನಿಜ ಹೇಳಬೇಕೆಂದರೆ ಯೋಚನೆ ಮಾಡುವುದು ಏನೂ ಇರಲಿಲ್ಲ. ನಿನಗೆ ಹೇಗೆ ಹೇಳುವುದು ಅನ್ನುವುದಷ್ಟೇ ಇತ್ತು. ಹೋದ ವಾರ ಹೂಂ ಅಂದೆ.

ಆ ತುಂಡು ನನ್ನ ಪ್ರಾಣ ಅಂತ ನಿನ್ನ ತಲೆ ತಿಂದವಳು ನಾನು. ನೀನು ಈ ವಯಸ್ಸಿನಲ್ಲಿ ಮೇಕೆ ಹಿಂದೆ ಓಡಿ, ಬಾತಿನಿಂದ ಕಚ್ಚಿಸಿಕೊಂಡು, ಆ ಟೀಚರ್ ಮುಂದೆ ಕೈಕಟ್ಟಿ ನಿಂತದ್ದೆಲ್ಲ ನನಗಾಗಿ. ಪ್ರತಿ ಕಾಗದ ಓದಿ ನಗುತ್ತಿದ್ದೆ, ಆಮೇಲೆ ಮಡಿಚಿ ಕಣ್ಣಿಗೆ ಕಾಣದ ಹಾಗೆ ಇಡುತ್ತಿದ್ದೆ. ನಾನು ಬರುವುದಿಲ್ಲ ಅಂದಮೇಲೆ ಯಾರಿಗಾಗಿ ಇದೆಲ್ಲ?

ತುಂಡನ್ನು ಕಮಿಟಿಗೆ ವಾಪಸು ಕೊಟ್ಟುಬಿಡು ಅಪ್ಪಾ. ಬಾತುಗಳನ್ನು ಭಟ್ಟಿಯವನಿಗೆ ಕೊಡು. ಇನ್ನು ಬೆಳಿಗ್ಗೆ ಬೆಳಿಗ್ಗೆ ಓಡಬೇಡ. ನನ್ನ ಮೇಲೆ ಕೋಪ ಬಂದರೆ ನೇರವಾಗಿ ಬರಿ, ಜೋಕು ಮಾಡಿ ಮುಚ್ಚಬೇಡ.

ನಿನ್ನ
ಮಗಳು


ಜೂನ್ 8

ಬೆಂಕಿಪೊಟ್ಟಣ,

'ನಿನ್ನ ಮಗಳು' ಅಂತ ಸಹಿ ಮಾಡಿದ್ದೀಯ. ಯಾರೋ ಗಣ್ಯರು ಬರೆದಿದ್ದಾರೆ ಅಂದುಕೊಂಡು ಅಂಗಿ ಹಾಕಿಕೊಂಡು ಓದಿದೆ.

ಮೊದಲು ತಪಾಸಣೆಯ ವರದಿ. ಕಮಿಟಿಯವರು ನಾಲ್ವರು ಬಂದರು. ಟೀಚರ್ ಸೀಟಿ ಊದಿದರು. ಬಾತುಗಳು ಗೂಡಿನಿಂದ ಸಾಲಾಗಿ ಬಂದು ಪಾತಿಯ ತುದಿಯಲ್ಲಿ ನಿಂತವು. ಕಮಿಟಿಯ ಹಿರಿಯರು, "ಇವುಗಳಿಂದ ಈ ಮಣ್ಣಿಗೆ ಏನು ಉಪಯೋಗ?" ಅಂತ ಪದ್ಧತಿಯ ಪ್ರಶ್ನೆ ಕೇಳಿದರು. ನಾನು ಭಾಷಣ ಸಿದ್ಧ ಮಾಡಿಕೊಂಡಿದ್ದೆ. ಬಾಯಿ ತೆರೆಯುವ ಮೊದಲೇ ಟೀಚರ್ ಆ ಹಿರಿಯರ ಕೈ ಹಿಡಿದು ತಮ್ಮ ಪಾತಿಗೆ ಕರೆದುಕೊಂಡು ಹೋಗಿ, ತೂತಿಲ್ಲದ ಎಲೆಕೋಸು ತೋರಿಸಿದರು. "ಇಷ್ಟು ವರ್ಷದಲ್ಲಿ ಮೊದಲ್ನೇ ಸಲ ಸ್ವಾಮಿ" ಅಂದರು. ಅಲ್ಲಿಗೆ ಮುಗಿಯಿತು.

ಈಗ ನಿನ್ನ ಮಾತಿಗೆ ಬರುತ್ತೇನೆ, ಜೋಕು ಇಲ್ಲದೆ.

ಕೋಪ ಇಲ್ಲ. ನನಗಾಗಿ ಇಷ್ಟೆಲ್ಲ ಮಾಡಿದೆ ಅಂತ ಬರೆದಿದ್ದೀಯಲ್ಲ, ಮೊದಲು ಹಾಗೇ ಇತ್ತು. ಅಂಗಡಿ ಮುಚ್ಚಿದ ಮೇಲೆ ನನ್ನ ಕೆಲಸ ಏನಿತ್ತು ಅಂತ ನಿನಗೇ ಗೊತ್ತು: ಕಿಟಕಿಯಲ್ಲಿ ಕೂತು ಎದುರಿನ ಬೋರ್ಡುಗಳಲ್ಲಿ ತಪ್ಪು ಹುಡುಕುವುದು. ಈಗ ಬೆಳಿಗ್ಗೆ ನನಗಾಗಿ ಐದು ಜನ ಬಾಗಿಲು ಬಡಿಯುತ್ತಾರೆ. ದರ್ಜಿ ಅಲ್ಲಿಗೇ ಟೀ ತರುತ್ತಾನೆ. ಟೀಚರ್ ನನ್ನನ್ನು ಬೈಯಲು ದಿನಾ ಹೊಸ ಕಾರಣ ಹುಡುಕಿಕೊಂಡು ಬರುತ್ತಾರೆ. ವಾಪಸು ಕೊಡು ಅಂತೀಯಲ್ಲ, ಏನನ್ನು ಕೊಡಲಿ?

ನೀನು ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಮಾರ್ಚ್ ಕಾಗದದಲ್ಲಿ ಬಾತಿನ ವಿಷಯ ಇಷ್ಟುದ್ದ ಬರೆದು, ನಿಂಬೆಗಿಡ ಹೇಗಿದೆ ಅಂತ ಒಂದು ಮಾತು ಕೇಳಲಿಲ್ಲ. ಎರಡು ವರ್ಷಕ್ಕೆ ಅಂತ ಹೋದವಳು ಟೇಬಲ್ ಕೊಂಡುಕೊಳ್ಳುವುದಿಲ್ಲ. ನೀನೇ ಹೇಳಲಿ ಅಂತ ಕಾದೆ. ನೀನು ಅಲ್ಲಿ ಒಬ್ಬಳೇ ಒದ್ದಾಡುತ್ತಿದ್ದೀಯ ಅಂತ ಹೊಳೆಯಲಿಲ್ಲ, ಅದೊಂದು ನನ್ನ ದಡ್ಡತನ. ಹೊಳೆದಿದ್ದರೆ ಮೊದಲೇ ಹೇಳುತ್ತಿದ್ದೆ: ಹೋಗಮ್ಮಾ, ಆ ಸಮುದ್ರ ನೋಡಿಕೊಂಡಿರು.

ಇನ್ನೊಂದು. ಮೇ ತಿಂಗಳಲ್ಲಿ ಟೀಚರ್ ಕೇಳಿದಾಗ ಬಾತುಗಳ ಕಡೆ ನೋಡಿದೆ ಅಂತ ಬರೆದಿದ್ದೆ. ಆಮೇಲೆ ನಡೆದದ್ದನ್ನು ಬರೆಯಲಿಲ್ಲ. "ಬರೋಲ್ಲ ಟೀಚರ್" ಅಂದೆ. "ಅವಳಿನ್ನೂ ಹೇಳಿಲ್ಲ, ಆದ್ರೆ ಬರೋಲ್ಲ. ನಾನು ಇಟ್ಕೊಳ್ಳಬಹುದಾ?" ಅಂತ ಕೇಳಿದೆ. ಅವರು, "ಆ ಮಣ್ಣಲ್ಲಿ ದುಡಿದ ಮನೆಯವ್ರಿಗೆ ಕೊಡಬಹುದು, ಪಕ್ಕದವ್ರು ಒಪ್ಪಿದ್ರೆ" ಅಂದರು. ಆಮೇಲೆ, "ಒಪ್ಪಿದೀನಿ" ಅಂದರು. ನೀನು ಕ್ರೇನಿನಿಂದ ಇಳಿದು ರಜಕ್ಕೆ ಬಂದಾಗ ನೀರಿನ ಪೈಪಿನ ಜಗಳವನ್ನು ನಿಂತಲ್ಲಿಂದಲೇ ಮುಂದುವರಿಸಬೇಕಂತೆ, ಹೇಳಿಕಳಿಸಿದ್ದಾರೆ.

ನಿನ್ನೆ ಸಂಜೆ ಗೇಟಿನಲ್ಲಿದ್ದ ನಿನ್ನ ಹೆಸರಿನ ತಗಡನ್ನು ಮನೆಗೆ ತಂದೆ. ಇಷ್ಟು ದಿನ ಹೇಳಿದ ಎಷ್ಟೋ ಮಾತು ಸುಳ್ಳು, ಇದು ಮಾತ್ರ ನಾನು ನಿಜವಾಗಿಯೂ ಮಾಡಿದ್ದು: ಬಟ್ಟೆಗೆ ಥಿನ್ನರ್ ಹಾಕಿ ನಿನ್ನ ಹೆಸರು ಒರೆಸಿದೆ. ಒಂದೇ ಸಲಕ್ಕೆ ಹೋಗಲಿಲ್ಲ, ಚೆನ್ನಾಗಿ ಬರೆದಿದ್ದೆ. ಆಮೇಲೆ ಅದರ ಮೇಲೆ ನನ್ನ ಹೆಸರು ಬರೆದೆ. ಊರಿಗೆಲ್ಲ ಬೋರ್ಡು ಬರೆದವನು, ನನ್ನ ಹೆಸರು ಬರೆದದ್ದು ಇದೇ ಮೊದಲು.

ಇಂತಿ, ತಗಡಿನ ಮೇಲೆ ಇನ್ನೂ ಒಣಗುತ್ತಿರುವ
ಅಪ್ಪ